ತೆಳು ತಗಡಿನಲ್ಲಿ ಥ್ರೆಡ್ ಹೋದರೆ ಏನು ಮಾಡಬೇಕು?

"ಅಪ್ಪಾ, ಇದು ತಿರುಗ್ತಾನೇ ಇದೆ, ಟೈಟ್ ಆಗ್ತಿಲ್ಲ" ಅಂದಳು ಮಗಳು. ಸ್ಕ್ರೂಡ್ರೈವರ್ ಅವಳ ಕೈಯಲ್ಲಿತ್ತು, ತಪ್ಪು ಮಾತ್ರ ನನ್ನದು. ಅಮೆರಿಕದ ಓರೆಗಾನ್‌ನಲ್ಲಿ ನಮ್ಮ ಗ್ಯಾರೇಜಿನಲ್ಲೇ ಎರಡು ಸೀಟಿನ ಪುಟ್ಟ ವಿಮಾನ ಕಟ್ಟುವಾಗ, ಲಗೇಜ್ ಜಾಗದ ಹಿಂದಿನ ಮುಚ್ಚಳ ಕೂರಿಸೋಕೆ ನಾನು ತಗಡಿಗೇ ನೇರವಾಗಿ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಾಕಿ ಥ್ರೆಡ್, ಅಂದರೆ ಸ್ಕ್ರೂ ಹಿಡಿಯುವ ಸುರುಳಿ ಗೀರು, ಮಾಡಿದ್ದೆ. ಅರ್ಧ ದಿನದ ಕೆಲಸ ಉಳಿಯಿತು ಅಂತ ಖುಷಿಯೂ ಪಟ್ಟಿದ್ದೆ. ಈಗ ಸ್ಕ್ರೂ ಹೊರಗೆ ತೆಗೆದರೆ ಅದರ ಸುತ್ತ ಬೆಳ್ಳಿ ಎಳೆಯ ಹಾಗೆ ಅಲ್ಯೂಮಿನಿಯಂ ಸುತ್ತಿಕೊಂಡಿತ್ತು. ಥ್ರೆಡ್ ಇಡಿಯಾಗಿ ಕಿತ್ತು ಬಂದಿತ್ತು.

ಇಲ್ಲಿ ಮನೆಯಲ್ಲೇ ಕಟ್ಟಿದ ವಿಮಾನವನ್ನು 12 ತಿಂಗಳಿಗೊಮ್ಮೆ ಪೂರ್ತಿ ಬಿಚ್ಚಿ ತಪಾಸಣೆ ಮಾಡಬೇಕು. ಮುಚ್ಚಳಗಳೆಲ್ಲ ಹೊರಗೆ ಬರುತ್ತವೆ, ಮತ್ತೆ ಒಳಗೆ ಹೋಗುತ್ತವೆ. ತಗಡಿನಲ್ಲಿ ಮಾಡಿದ ಥ್ರೆಡ್ ಇದನ್ನು ಎಷ್ಟು ವರ್ಷ ತಡೆದೀತು?

ಮೊದಲೇ ಒಂದು ಮಾತು. ಇಲ್ಲಿ ಹೇಳುತ್ತಿರುವುದು ಮುಚ್ಚಳ, ಸಣ್ಣ ಬ್ರಾಕೆಟ್, ವೈರ್ ಹಿಡಿಯುವ ಕ್ಲ್ಯಾಂಪ್ ಇಂಥವುಗಳ ಬಗ್ಗೆ. ರೆಕ್ಕೆಯ ಸ್ಪಾರ್ (ಭಾರ ಹೊರುವ ಉದ್ದ ತೊಲೆ), ಎಂಜಿನ್ ಮೌಂಟ್, ಕಂಟ್ರೋಲ್ ಜೋಡಣೆ ಇರುವ ಕಡೆ ಥ್ರೆಡ್ ಹೋದರೆ ಡ್ರಿಲ್ ಕೆಳಗಿಡಿ, ವಿಮಾನದ ಬಿಡಿಭಾಗಗಳ ಕಿಟ್ ಮಾಡಿದವರನ್ನೇ ಕೇಳಿ.

ಮೊದಲು ತಗಡಿನ ದಪ್ಪ ಅಳೆಯಿರಿ. ನನ್ನದು 0.040 ಇಂಚು, ಅಂದರೆ ಸುಮಾರು 1 ಮಿ.ಮೀ. ಸ್ಕ್ರೂ 8-32, ಅಂದರೆ ದಪ್ಪದ ನಂಬರ್ 8 (ವ್ಯಾಸ ಸುಮಾರು 4.2 ಮಿ.ಮೀ.), ಇಂಚಿಗೆ 32 ಥ್ರೆಡ್, ಒಂದೊಂದಕ್ಕೂ 0.8 ಮಿ.ಮೀ. ಈಗ ಲೆಕ್ಕ ಹಾಕಿ: ಅಷ್ಟು ತೆಳು ತಗಡಿನಲ್ಲಿ ಸಿಗುವುದು ಒಂದೂಕಾಲು ಥ್ರೆಡ್ ಅಷ್ಟೇ. ಅಲ್ಯೂಮಿನಿಯಂನಲ್ಲಿ ಸ್ಕ್ರೂ ಗಟ್ಟಿಯಾಗಿ ಕೂರಬೇಕಾದರೆ ಅದರ ವ್ಯಾಸದ ಒಂದೂವರೆ ಪಟ್ಟಾದರೂ ಆಳ ಬೇಕು, ಇದಕ್ಕೆ ಸುಮಾರು 6 ಮಿ.ಮೀ. ನಮ್ಮ ಹತ್ತಿರ ಇರುವುದು ಒಂದು.

ಈ ಲೆಕ್ಕ ತಲೆಗೆ ಹೋದರೆ ಮುಂದಿನ ದಾರಿ ತಾನಾಗಿ ಕಾಣುತ್ತದೆ. ಸುಮ್ನೆ ಒಂದು ಸೈಜ್ ದೊಡ್ಡ ಸ್ಕ್ರೂ ಹಾಕಿದರೆ ಮುಂದಿನ ವರ್ಷ ಅದೂ ಹೋಗುತ್ತದೆ, ಜೊತೆಗೆ ತೂತು ಇನ್ನೂ ದೊಡ್ಡದಾಗಿರುತ್ತದೆ. ಎಪಾಕ್ಸಿ ತುಂಬಿ ಮತ್ತೆ ಟ್ಯಾಪ್ ಹಾಕುವುದು ಬಕೆಟ್ ರಿಪೇರಿಗೆ ಸರಿ, ವಿಮಾನಕ್ಕಲ್ಲ. ಹೆಲಿಕಾಯಿಲ್ (ಹೋದ ಥ್ರೆಡ್ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಹಾಕಬಹುದಲ್ವಾ ಅಂತ ಕಾರು ರಿಪೇರಿ ಗೊತ್ತಿರುವವರು ಕೇಳುತ್ತಾರೆ. ದಪ್ಪ ಎರಕದ ಭಾಗಕ್ಕೆ ಅದು ಒಳ್ಳೆಯದೇ. ಆದರೆ ಆ ಸುರುಳಿ ಕೂರೋಕೆ ಕಡಿಮೆ ಅಂದರೂ ಸ್ಕ್ರೂ ವ್ಯಾಸದಷ್ಟು, ಅಂದರೆ 4 ಮಿ.ಮೀ. ದಾಟಿದ ಲೋಹ ಬೇಕು. ನಮ್ಮ ತಗಡಿನ ನಾಲ್ಕು ಪಟ್ಟು! ರಿವ್‌ನಟ್ ಇನ್ನೊಂದು ದಾರಿ: ಮುಂದಿನಿಂದಲೇ ತೂತಿಗೆ ತೂರಿಸಿ ಹಿಂದೆ ಉಬ್ಬಿಸಿ ಕೂರಿಸುವ, ಒಳಗೆ ಥ್ರೆಡ್ ಇರುವ ಪುಟ್ಟ ಕೊಳವೆ. 1930ರ ದಶಕದಲ್ಲಿ ಗುಡ್‌ರಿಚ್ ಕಂಪನಿ ಅದನ್ನು ತಂದಿದ್ದೇ ವಿಮಾನದ ರೆಕ್ಕೆಗೆ ಹಿಮ ಒಡೆಯುವ ರಬ್ಬರ್ ಪಟ್ಟಿ ಕೂರಿಸೋಕೆ. ಹಿಂದಿನಿಂದ ಕೈ ಹೋಗದ ಕಡೆ ಅದೇ ಗತಿ. ಆದರೆ ತೆಳು ತಗಡಿನಲ್ಲಿ ಒಮ್ಮೆ ಸಡಿಲವಾಗಿ ಸ್ಕ್ರೂ ಜೊತೆ ತಾನೂ ತಿರುಗತೊಡಗಿದರೆ ತೆಗೆಯೋಕೆ ಪ್ರಾಣ ಹೋಗುತ್ತದೆ.

ನನ್ನ ಆಯ್ಕೆ ನಟ್‌ಪ್ಲೇಟ್. ತಗಡಿಗೆ ಥ್ರೆಡ್ ಕೊಡುವುದನ್ನೇ ಬಿಟ್ಟುಬಿಡಿ, ತಗಡಿನ ಹಿಂದೆ ಎರಡು ಕಿವಿಯ ಉಕ್ಕಿನ ನಟ್ಟನ್ನು ರಿವೆಟ್ (ತುದಿ ಒತ್ತಿ ಚಪ್ಪಟೆ ಮಾಡುವ ಲೋಹದ ಮೊಳೆ) ಮಾಡಿ ಕೂರಿಸಿ. 8-32ಕ್ಕೆ ಕೆ1000-08 ಕೇಳಿದರೆ ಸಿಗುತ್ತದೆ.

ಹಳೆಯ ತೂತನ್ನು ಮೊದಲು ಭೂತಗನ್ನಡಿ, ಟಾರ್ಚ್ ಹಿಡಿದು ನೋಡಿ. ಬಿರುಕು ಇದ್ದರೆ, ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ನಟ್‌ಪ್ಲೇಟ್ ಒಂದೇ ಸಾಲದು, ಹಿಂದೆ ಅದೇ ದಪ್ಪದ ತೇಪೆ ತಗಡು ಬೇಕು. ಚೆನ್ನಾಗಿದ್ದರೆ ನಂಬರ್ 19 ಬಿಟ್‌ನಿಂದ, ಅಂದರೆ 4.2 ಮಿ.ಮೀ.ಗೆ, ತೂತು ಅಗಲ ಮಾಡಿ. ಇನ್ನು ಸ್ಕ್ರೂ ಆರಾಮಾಗಿ ಒಳಗೆ ಜಾರಬೇಕು. ಬಾಯಲ್ಲಿ ಎದ್ದ ಚೂಪು ಅಂಚನ್ನು ದೊಡ್ಡ ಬಿಟ್ಟನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ತೆಗೆಯಿರಿ. ಎರಡೇ ಸುತ್ತು, ಜಾಸ್ತಿ ಬೇಡ.

ಈಗ ನಿಜವಾದ ಕೆಲಸ. ಮುಂದಿನಿಂದ ಒಂದು ಹಳೆಯ ಸ್ಕ್ರೂ ತೂರಿಸಿ, ಹಿಂದೆ ನಟ್‌ಪ್ಲೇಟ್ ಹಿಡಿದು ತಗಡಿಗೆ ಅಂಟುವ ತನಕ ಬಿಗಿಮಾಡಿ. ನಟ್‌ಪ್ಲೇಟಿನ ಬಾಯನ್ನು ಬೇಕೆಂದೇ ಸ್ವಲ್ಪ ಅಮುಕಿ ಮಾಡಿರುತ್ತಾರೆ, ಅದರಿಂದ ಸ್ಕ್ರೂ ಬಿರುಸಾಗಿ ಹೋಗುತ್ತದೆ. ಸ್ಕ್ರೂ ತುದಿಗೆ ಚೂರು ಮೇಣ ಸವರಿ. ಎರಡು ಕಿವಿಗಳೂ ತಗಡಿನ ಅಂಚಿಗೆ ಸಮಾನಾಂತರವಾಗಿರಲಿ. ರಿವೆಟ್ ಮಧ್ಯದಿಂದ ಅಂಚಿಗೆ ರಿವೆಟ್ ವ್ಯಾಸದ ಎರಡು ಪಟ್ಟು ಜಾಗ ಬೇಕು. 3/32 ಇಂಚಿನ ರಿವೆಟ್ಟಿಗೆ ಸುಮಾರು 4.8 ಮಿ.ಮೀ. ಅಷ್ಟಿಲ್ಲದಿದ್ದರೆ ಎರಡು ಕಿವಿಯೂ ಒಂದೇ ಕಡೆ ಇರುವ ನಟ್‌ಪ್ಲೇಟ್ ಸಿಗುತ್ತದೆ, ಅದನ್ನು ತಂದುಕೊಳ್ಳಿ. ನಂಬರ್ 40 ಬಿಟ್‌ನಿಂದ ಒಂದು ಕಿವಿಯ ತೂತಿನ ಮೂಲಕ ಡ್ರಿಲ್ ಮಾಡಿ, ಅಲ್ಲಿ ಕ್ಲೀಕೋ (ತೂತುಗಳನ್ನು ತಾತ್ಕಾಲಿಕವಾಗಿ ಸೇರಿಸಿ ಹಿಡಿಯುವ ಕ್ಲಿಪ್) ಹಾಕಿ, ಆಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಮುಗಿಸೋಣ ಅಂತ ಹೊರಟರೆ ನಟ್‌ಪ್ಲೇಟ್ ಒಂದು ಕೂದಲೆಳೆ ಸರಿಯುತ್ತದೆ, ಆಮೇಲೆ ಸ್ಕ್ರೂ ಓರೆಯಾಗಿ ಕೂರುತ್ತದೆ.

ಮುಚ್ಚಳ ತಗಡಿಗೆ ಸಮನಾಗಿ ಕೂರಬೇಕು, ಅದಕ್ಕೆ ರಿವೆಟ್ ತಲೆ ಒಳಗೆ ಹುದುಗಬೇಕು. ಇದಕ್ಕೆ ತೂತಿನ ಬಾಯನ್ನು ಶಂಕುವಿನಂತೆ ತೋಡುವ 100 ಡಿಗ್ರಿ ಕೌಂಟರ್‌ಸಿಂಕ್ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 82 ಅಥವಾ 90 ಡಿಗ್ರಿ, ಅದರಲ್ಲಿ ತೋಡಿದರೆ ರಿವೆಟ್ ತಲೆ ಅಂಚಿನಲ್ಲಿ ಮಾತ್ರ ಕೂತು ಕುಣಿಯುತ್ತದೆ. ನಾನು ಮೊದಲ ಸಲ ಅದನ್ನೇ ಮಾಡಿದ್ದೆ. ಇನ್ನೊಂದು: ತಗಡು 0.032 ಇಂಚಿಗಿಂತ ತೆಳುವಿದ್ದರೆ ತೋಡಲೇಬೇಡಿ, ತೂತಿನ ಬಾಯಿ ಚಾಕುವಿನ ಅಂಚಾಗುತ್ತದೆ. ಅಲ್ಲಿ ಡಿಂಪಲ್ ಡೈ (ತಗಡನ್ನು ಕೊರೆಯದೆ ಕುಳಿ ಒತ್ತುವ ಅಚ್ಚು) ಹಾಕಿ ಒತ್ತಬೇಕು, ಹಾಗೇ ಡಿಂಪಲ್ ಇರುವ ನಟ್‌ಪ್ಲೇಟನ್ನೇ ತರಬೇಕು.

ಮತ್ತೆ ಬಿಚ್ಚಿ, ಚೂರುಗಳನ್ನೆಲ್ಲ ಒರೆಸಿ, ತೂತುಗಳ ಒಳಗೆ ಪ್ರೈಮರ್ ಹಚ್ಚಿ. ವಿಮಾನದ 2024 ಎಂಬ ಮಿಶ್ರಲೋಹದ ತಗಡಿಗೆ ತುಕ್ಕಿನ ಕಾಟ ತಪ್ಪಿಸೋಕೆ ಮೇಲೆ ಶುದ್ಧ ಅಲ್ಯೂಮಿನಿಯಂ ಪದರ ಇರುತ್ತದೆ, ನಾವು ತೂತು ಕೊರೆದ ಕಡೆ ಆ ಪದರ ಇಲ್ಲ. ಅಲ್ಲೇ ಉಕ್ಕಿನ ನಟ್ಟು ಬೇರೆ ತಂದು ಕೂರಿಸುತ್ತಿದ್ದೇವೆ, ಎರಡು ಬೇರೆ ಲೋಹ ತಾಗಿದರೆ ತುಕ್ಕು ಇನ್ನೂ ಬೇಗ.

ರಿವೆಟ್ ಉದ್ದಕ್ಕೆ ಒಟ್ಟು ದಪ್ಪ, ಅದರ ಮೇಲೆ ವ್ಯಾಸದ ಒಂದೂವರೆ ಪಟ್ಟು. ನನ್ನ ತಗಡು, ನಟ್‌ಪ್ಲೇಟ್ ಕಿವಿ ಎರಡೂ ಸೇರಿ ಎಎನ್426ಎಡಿ3-3.5 ಎಂಬ ಅಳತೆಯ ರಿವೆಟ್ ಸರಿಹೋಯಿತು. ಕೈ ಸ್ಕ್ವೀಜರ್‌ನಿಂದ ಮೆಲ್ಲಗೆ ಒತ್ತಿ. ಹಿಂದೆ ಚಪ್ಪಟೆಯಾದ ತಲೆ ಸುಮಾರು 3.6 ಮಿ.ಮೀ. ಅಗಲ, 1.2 ಮಿ.ಮೀ. ಎತ್ತರ ಬಂದರೆ ಚೆನ್ನಾಗಿ ಕೂತಿದೆ ಅಂತ. ಒಂದು ಕಡೆ ವಾಲಿದ್ದರೆ ಡ್ರಿಲ್ ಮಾಡಿ ತೆಗೆದು ಇನ್ನೊಂದು ಹಾಕಿ, ನಾಚಿಕೆ ಏನಿಲ್ಲ.

ಕೊನೆಗೆ ಹೊಸ ಸ್ಕ್ರೂ ಹಾಕಿ ನೋಡಿ. ಮೊದಲ ಒಂದೆರಡು ಸುತ್ತು ಬೆರಳಿಗೆ ಬರುತ್ತದೆ, ಆಮೇಲೆ ಗಟ್ಟಿಯಾಗಿ ಹಿಡಿಯುತ್ತದೆ, ಸ್ಕ್ರೂಡ್ರೈವರ್ ಇಲ್ಲದೆ ನಡೆಯುವುದಿಲ್ಲ. ಹಾಗೇ ಇರಬೇಕು. ಮುಂದೊಂದು ವರ್ಷ ಪೂರ್ತಿ ಬೆರಳಲ್ಲೇ ತಿರುಗಿತು ಅಂದರೆ ನಟ್‌ಪ್ಲೇಟಿನ ಹಿಡಿತ ಹೋಗಿದೆ, ಎರಡು ರಿವೆಟ್ ಕೊರೆದು ಬದಲಾಯಿಸಿ. ತಗಡಿಗೆ ಏನೂ ಆಗುವುದಿಲ್ಲ.

ಮಾಡಿದ್ದನ್ನು ಲಾಗ್‌ಬುಕ್‌ನಲ್ಲಿ ದಿನಾಂಕದ ಜೊತೆ ಎರಡು ಸಾಲು ಬರೆದಿಡಿ. ನನ್ನ ಮುಚ್ಚಳಕ್ಕೆ ಒಟ್ಟು ಹತ್ತು ಸ್ಕ್ರೂ. ಒಂದು ಹೋಗಿತ್ತು, ಉಳಿದ ಒಂಬತ್ತಕ್ಕೂ ಅದೇ ವಾರಾಂತ್ಯ ನಟ್‌ಪ್ಲೇಟ್ ಹಾಕಿದೆ. ಆವತ್ತು ಉಳಿಸಿದ ಅರ್ಧ ದಿನಕ್ಕೆ ಈಗ ಎರಡು ದಿನ ಹೋಯಿತು. ಸ್ಕ್ವೀಜರ್ ಒತ್ತಿದ್ದು ಮಾತ್ರ ಮಗಳೇ.