ಬಿಸಿ ಉಪ್ಪುನೀರು ಸುರಿದ ವರ್ಷ

ಮದುವೆಯಾಗಿ ಶಿರಸಿ ಸೀಮೆಗೆ ಬಂದ ಮೇಲೆ ನಾಲ್ಕು ವರ್ಷ ಅತ್ತೆಯ ಪಕ್ಕ ಕೂತು ಮಿಡಿ ಉಪ್ಪಿನಕಾಯಿ ಹಾಕಿದ್ದೆ. ಐದನೇ ವರ್ಷ ಅತ್ತೆ ನಾದಿನಿಯ ಬಾಣಂತನಕ್ಕೆ ಹೋದರು. ಹೊರಡುವಾಗ ಹೇಳಿದ್ದು ಒಂದೇ ಮಾತು: "ತಂಗೀ, ಬಿಸಿ ಉಪ್ಪುನೀರು ಹಾಕಡ. ಪೂರ್ತಿ ತಣಿಲಿ."

ಆ ದಿನ ಮನೆ ತುಂಬ ನೆಂಟರು. ಉಪ್ಪು ಹಾಕಿದ ಮಿಡಿ ಬಿಟ್ಟ ಉಪ್ಪುನೀರನ್ನು ಕುದಿಸಿ ಒಲೆಯಿಂದ ಇಳಿಸಿದವಳೇ ಸಾಸಿವೆ ಪುಡಿಗೆ ಸುರಿದೆ, ಹಾಗೇ ಮಿಡಿಗೂ ಕಲಸಿಬಿಟ್ಟೆ. ಮಳೆಗಾಲದಲ್ಲಿ ಭರಣಿ ತೆಗೆದರೆ ಮಿಡಿ ಮೆತ್ತಗೆ. ಸಾಸಿವೆಯ ಘಾಟು ಇಲ್ಲವೇ ಇಲ್ಲ, ಮೇಲಿಂದ ಸಣ್ಣಗೆ ಕಹಿ. ಐನೂರು ಮಿಡಿ! ಅತ್ತೆ ಬಂದು ರುಚಿ ನೋಡಿ ಏನೂ ಅನ್ನಲಿಲ್ಲ. ನನಗೇ ತಡೆಯಲಾಗಲಿಲ್ಲ. ಡಿಗ್ರಿಯಲ್ಲಿ ರಸಾಯನಶಾಸ್ತ್ರ ಓದಿದವಳು ನಾನು. ಏನಾಯ್ತು ಅಂತ ತಿಳಿಯಲೇಬೇಕು ಅನಿಸಿತು.

ಮೂರು ಬಟ್ಟಲು ಇಟ್ಟುಕೊಂಡೆ. ಮೂರಕ್ಕೂ ಒಂದೊಂದು ಚಮಚ ಸಾಸಿವೆ ಪುಡಿ. ಮೊದಲನೆಯದಕ್ಕೆ ತಣ್ಣೀರು, ಎರಡನೆಯದಕ್ಕೆ ಕುದಿಯುವ ನೀರು ಹಾಕಿದೆ. ಮೂರನೆಯದರ ಪುಡಿ ಮಾತ್ರ ಚೆನ್ನಾಗಿ ಹುರಿದ ಸಾಸಿವೆಯದು, ಅದಕ್ಕೂ ತಣ್ಣೀರು. ಹತ್ತು ನಿಮಿಷ ಬಿಟ್ಟು ಮೂಸಿದೆ. ಮೊದಲ ಬಟ್ಟಲು ಮೂಗಿಗೆ ಏರಿ ಕಣ್ಣಲ್ಲಿ ನೀರು ತರಿಸಿತು. ಉಳಿದ ಎರಡೂ ಸಪ್ಪೆ. ಕುದಿನೀರಿನದು ನನ್ನ ಉಪ್ಪಿನಕಾಯಿಯ ಹಾಗೇ ಕಹಿ.

ಇಡೀ ಸಾಸಿವೆಯನ್ನು ಮೂಸಿ ನೋಡಿ, ಘಾಟೇ ಇರುವುದಿಲ್ಲ. ಆ ಖಾರ ಕಾಳಿನಲ್ಲಿ ತಯಾರಾಗಿ ಕೂತಿರುವುದೇ ಇಲ್ಲ. ಅದಕ್ಕೆ ಬೇಕಾದ ಗಂಧಕದ ಸಂಯುಕ್ತ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ, ಬೇರೆ ಬೇರೆ ಕೋಣೆಗಳಲ್ಲಿ ಇರುತ್ತವೆ. ಅರೆದಾಗ ಗೋಡೆ ಒಡೆಯುತ್ತದೆ, ನೀರು ಬಿದ್ದಾಗ ಎರಡೂ ಸೇರುತ್ತವೆ. ಆಗ ಖಾರ ಹುಟ್ಟುತ್ತದೆ. ಗಿಡಕ್ಕೆ ಇದು ಹುಳದಿಂದ ಉಳಿಯುವ ಉಪಾಯ. ಕುದಿನೀರು ಬಿದ್ದರೆ ಕಿಣ್ವ ಸತ್ತುಹೋಗುತ್ತದೆ, ಖಾರ ಹುಟ್ಟುವುದೇ ಇಲ್ಲ. ಒಗ್ಗರಣೆಯ ಸಾಸಿವೆ ಎಷ್ಟು ಅಗಿದರೂ ಮೂಗಿಗೆ ಏರುವುದಿಲ್ಲ ಅಲ್ವಾ? ಕಾರಣ ಇದೇ. ಈ ಖಾರದ ಎಣ್ಣೆ ಬೂಷ್ಟನ್ನೂ ತಡೆಯುತ್ತದೆ. ಅಂದರೆ ನಾನು ಕಳೆದುಕೊಂಡದ್ದು ಬರೀ ರುಚಿಯಲ್ಲ, ಕಾವಲನ್ನೂ.

ಈಗ ನಾನು ಮಾಡುವುದು ಹೀಗೆ. ಸಾಸಿವೆಯನ್ನು ಹುರಿಯುವುದಿಲ್ಲ, ಬಿಸಿಲಿಗೆ ಒಣಗಿಸಿ ಪುಡಿ ಮಾಡುತ್ತೇನೆ. ಕುದಿಸಿ ಆರಿಸಿದ ಬರೀ ನೀರು ಸ್ವಲ್ಪ ಹಾಕಿ ಕಲಸಿ ಹತ್ತು ನಿಮಿಷ ಮುಚ್ಚಿಡುತ್ತೇನೆ. ಘಾಟು ಎದ್ದ ಮೇಲೆಯೇ ಮಿಡಿಯ ಹುಳಿ ಉಪ್ಪುನೀರು ಸೇರಿಸುವುದು. ಹುಳಿ ಮೊದಲೇ ಬಿದ್ದರೆ ಕಿಣ್ವದ ಕೆಲಸ ನಿಧಾನವಾಗುತ್ತದೆ. ಖಾರ ಹುಟ್ಟಿದ ಮೇಲೆ ಬಿದ್ದರೆ ಅದೇ ಹುಳಿ ಖಾರವನ್ನು ಬೇಗ ಹಾರಿಹೋಗದಂತೆ ಹಿಡಿದಿಡುತ್ತದೆ. ಈ ಹತ್ತು ನಿಮಿಷವನ್ನು ನಾನು ಯಾವತ್ತೂ ಬಿಡುವುದಿಲ್ಲ.

ಇನ್ನು ಮಿಡಿ ಮೆತ್ತಗಾದದ್ದು. ಕಾಯಿಯ ಜೀವಕೋಶಗಳನ್ನು ಅಂಟಿನ ಹಾಗೆ ಹಿಡಿದಿಡುವುದು ಪೆಕ್ಟಿನ್. ಬಿಸಿಗೆ ಅದು ಸಡಿಲವಾಗುತ್ತದೆ. ಕ್ಯಾಲ್ಸಿಯಂ ಸಿಕ್ಕರೆ ಗಟ್ಟಿಯಾಗುತ್ತದೆ. ನಾವು ಹಾಕುವುದು ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಹರಳುಪ್ಪು. ಸಮುದ್ರದ ನೀರನ್ನು ಬಿಸಿಲಿಗೆ ಆರಿಸಿ ಮಾಡಿದ್ದು, ಶುದ್ಧೀಕರಿಸದ್ದು. ಅದರಲ್ಲಿ ಒಂದಿಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಉಳಿದಿರುತ್ತದೆ. ಪ್ಯಾಕೆಟ್ಟಿನ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಂತೆ ಬೆರೆಸಿದ ಪುಡಿ ಇರುತ್ತದೆ, ನೀರು ಕದಡಿದ ಹಾಗೆ ಕಾಣುತ್ತದೆ. ಉಪ್ಪಿನಕಾಯಿಗೆ ಹರಳುಪ್ಪೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಶಿರಸಿಯ ಹತ್ತಿರ ಹುಟ್ಟುವ ಅಘನಾಶಿನಿ ಸಮುದ್ರ ಸೇರುವ ಕಡೆಗೇ ಸಾಣಿಕಟ್ಟೆ ಇರುವುದು. ಮೇಲೆ ಅದೇ ಹೊಳೆಯ ದಂಡೆಯ ಮರದ ಮಿಡಿ, ಕೆಳಗೆ ಅದರ ಬಾಯಲ್ಲಿ ಬೆಳೆದ ಉಪ್ಪು. ಇದನ್ನು ನೆನೆದಾಗೆಲ್ಲ ನನಗೆ ಖುಷಿಯಾಗುತ್ತದೆ.

ಒಂದು ಕೆ.ಜಿ. ಮಿಡಿಗೆ ಕಾಲು ಕೆ.ಜಿ. ಉಪ್ಪು ನನ್ನ ಅಳತೆ. ಒಂದು ಪದರ ಮಿಡಿ, ಒಂದು ಪದರ ಉಪ್ಪು. ಒಂದು ಹನಿ ನೀರೂ ಹಾಕುವುದಿಲ್ಲ. ಮೂರನೇ ದಿನಕ್ಕೆ ಭರಣಿಯ ಅರ್ಧ ನೀರು! ಹೊರಗಿನ ಉಪ್ಪು ಮಿಡಿಯೊಳಗಿನ ನೀರನ್ನು ಸಿಪ್ಪೆಯ ಮೂಲಕ ಎಳೆದಿರುತ್ತದೆ. ಒಂದು ವರ್ಷ ತೂಕ ಮಾಡಿದೆ. ಹದಿನೈದು ದಿನಕ್ಕೆ 1 ಕೆ.ಜಿ. ಮಿಡಿ ಚಿರುಟಿ 700 ಗ್ರಾಂ ಹತ್ತಿರ ಬಂದಿತ್ತು. ನೂರು ಎಂ.ಎಲ್. ನೀರಿನಲ್ಲಿ ಕರಗುವುದು ಸುಮಾರು 36 ಗ್ರಾಂ ಉಪ್ಪು ಮಾತ್ರ. ಮೊದಲ ದಿನಗಳಲ್ಲಿ ತಳದಲ್ಲಿ ಉಪ್ಪು ಕೂರುವುದು ಅದಕ್ಕೇ, ಹೆದರಬೇಡಿ. ದಿನಾ ಒಣ ಸೌಟಿನಲ್ಲಿ ಮೇಲೆ ಕೆಳಗೆ ಮಾಡಬೇಕು ಅಷ್ಟೆ. ಮೇಲೆ ತೇಲುವ ಮಿಡಿಗೆ ಉಪ್ಪು ತಾಗದಿದ್ದರೆ ಬೂಷ್ಟು ಹಿಡಿಯುವುದು ಅಲ್ಲಿಂದಲೇ.

ಹಸಿರು ಮಿಡಿ ಕಂದು ಹಸಿರಾದರೆ ಕೆಟ್ಟಿತು ಅಂದುಕೊಳ್ಳಬೇಡಿ. ಎಲೆಹಸಿರಿನ ನಡುವೆ ಒಂದು ಮೆಗ್ನೀಸಿಯಂ ಇರುತ್ತದೆ, ಹುಳಿ ಅದನ್ನು ಹೊರಗೆ ತಳ್ಳುತ್ತದೆ. ಬಣ್ಣ ಮಾಸುತ್ತದೆ. ಬೀನ್ಸ್ ಜಾಸ್ತಿ ಬೆಂದಾಗ ಆಗುವುದೂ ಇದೇ.

ಮಿಡಿ ಕೊಯ್ಯುವವರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟರೂ ಪರವಾಗಿಲ್ಲ, ತೊಟ್ಟು ಇರುವುದನ್ನೇ ತೆಗೆದುಕೊಳ್ಳಿ. ಅಪ್ಪೆ ಅಂದರೆ ನಮ್ಮ ಕಡೆಯ ಉಪ್ಪಿನಕಾಯಿ ಮಾವು, ಅದರ ಪರಿಮಳ ಇರುವುದು ಸೊನೆಯಲ್ಲಿ. ಸೊನೆ ಕಾಯಿಯೊಳಗೆ ಒತ್ತಡದಲ್ಲಿ ತುಂಬಿರುತ್ತದೆ, ತೊಟ್ಟು ಬುಡಕ್ಕೆ ಮುರಿದರೆ ಚಿಮ್ಮಿ ಹೋಗುತ್ತದೆ. ನೆಲಕ್ಕೆ ಉದುರಿ ಪೆಟ್ಟಾದ ಮಿಡಿಯನ್ನು ಅತ್ತೆ ಗೊಜ್ಜಿಗೆ ಇಡುತ್ತಾರೆ, ಭರಣಿಗೆ ಸೇರಿಸುವುದಿಲ್ಲ.

ಈ ವರ್ಷ ಉಪ್ಪುನೀರು ಕುದಿಸಿ ಇಳಿಸಿದ್ದು ಸಂಜೆ. ರಾತ್ರಿಯಿಡೀ ಬಟ್ಟೆ ಕಟ್ಟಿ ಇಟ್ಟೆ. ಬೆಳಿಗ್ಗೆ ಅತ್ತೆ ಪಾತ್ರೆಯ ಹೊಟ್ಟೆ ಮುಟ್ಟಿ ನೋಡಿದರು. "ಈಗ ಅಡ್ಡಿಲ್ಲೆ" ಅಂದರು. ಸಾಸಿವೆ ಬಟ್ಟಲಿಗೆ ತಣ್ಣೀರು ಹಾಕಿ ಮುಚ್ಚಿದೆ.