ಕಾಂಗ್ರೆಸ್ ಗಿಡದಿಂದ ಇನ್‌ಕಾಂಗ್ರುಅಸ್‌ವರೆಗೆ: ನನ್ನ ಅನುಭವ

ಈಚೆಗೆ ನನ್ನ ಹತ್ತಿರ ಕಲಿತ ನರ್ಸ್ ಹುಡುಗಿಯೊಬ್ಬಳು ವಿದೇಶಕ್ಕೆ ಹೋಗುವವರ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಸ್ಪೀಕಿಂಗ್‌ನಲ್ಲಿ ಒಂಬತ್ತಕ್ಕೆ ಏಳೂವರೆ ತೆಗೆದಳು. ಹಳೆಯ ಕಟ್ಟಡವೊಂದರ ಬಗ್ಗೆ ಮಾತಾಡಿ ಅಂತ ಕಾರ್ಡ್ ಬಂದಿತ್ತಂತೆ. ಯೋಚನೆಗೆ ಒಂದು ನಿಮಿಷ, ಮಾತಿಗೆ ಎರಡು. ಅಷ್ಟರಲ್ಲಿ 'ಇನ್‌ಕಾಂಗ್ರುಅಸ್' ಅನ್ನೋ ಪದವನ್ನು (ಸುತ್ತಲಿನದಕ್ಕೆ ಹೊಂದದೆ ಜಾಗ ತಪ್ಪಿದ್ದು ಅಂತ ಅರ್ಥ) ಒಂದೇ ಒಂದು ಸಲ, ಸರಿಯಾದ ಕಡೆ ಹಾಕಿ ಬಂದಿದ್ದಾಳೆ. ಪರೀಕ್ಷೆ ಮುಗಿಸಿ ಹೊರಗೆ ಬಂದವಳೇ ಫೋನ್ ಮಾಡಿ ಹೇಳಿದ ಮೊದಲ ಮಾತು: "ಸರ್, ಹಾಕ್ದೆ ಸರ್!"

ಹಾಸನದಲ್ಲಿ ನಮ್ಮಂಥ ಕ್ಲಾಸು ನಡೆಸುವವರು ಕೆಲವರು ಆಗಾಗ ಕಾಫಿಗೆ ಸೇರ್ತೀವಿ. ಒಂದು ಪದಕ್ಕೆ ಮೂರು ವಾರ ಸುರಿತೀನಿ ಅಂದಾಗ ಎಲ್ಲರೂ ನಕ್ಕಿದ್ದರು. "ಐನೂರು ಪದದ ಲಿಸ್ಟು ಜೆರಾಕ್ಸ್ ಮಾಡಿ ಕೈಗೆ ಕೊಟ್ಟು ಕಳಿಸೋದು ಬಿಟ್ಟು ಇದೇನ್ರೀ ನಿಮ್ಮದು" ಅಂದವರು ಇದನ್ನು ಓದಲಿ ಅಂತಲೇ ಬರೀತಿದೀನಿ.

ಈ ಪದವೇ ಯಾಕೆ ಅಂದರೆ, ನಮ್ಮ ಹುಡುಗರಿಗೆ ಜಾಗ ತಪ್ಪಿ ಬಂದ ಯಾವುದನ್ನು ಕಂಡರೂ ಬಾಯಿಗೆ ಬರೋದು ಎರಡೇ, 'ವಿಯರ್ಡ್' ಮತ್ತು 'ಡಿಫರೆಂಟ್'. ಹೋಳಿಗೆ ಪಕ್ಕ ಚಿಕನ್ ಕಬಾಬ್ ಇಟ್ಟರೂ ಡಿಫರೆಂಟ್, ದೇವಸ್ಥಾನದ ಕಲ್ಲುಕಂಬಕ್ಕೆ ಟ್ಯೂಬ್‌ಲೈಟ್ ಹೊಡೆದರೂ ಡಿಫರೆಂಟ್.

ಮೊದಲ ಬ್ಯಾಚಿಗೆ ಕನ್ನಡ ಅರ್ಥ ಕೊಟ್ಟು ಕೆಟ್ಟೆ. 'ಅಸಂಗತ' ಅಂತ ಬೋರ್ಡಿನ ಮೇಲೆ ಬರೆದೆ. ಕನ್ನಡ ಎಂಎ ಮಾಡಿದ್ದ ಒಬ್ಬ ಹಿಂದಿನ ಬೆಂಚಿನಿಂದ "ಅಸಂಗತ ನಾಟಕದ ಅಸಂಗತವಾ ಸರ್?" ಅಂದ. ಅವನದೇನೂ ತಪ್ಪಿಲ್ಲ, ಆ ಪದವನ್ನು ನಾಟಕದವರು 'ಅಬ್ಸರ್ಡ್'ಗೆ ಆಗಲೇ ತಗೊಂಡಾಗಿದೆ. ಮುಂದಿನ ವಾರ 'ಅಸಮಂಜಸ'ಕ್ಕೆ ಬದಲಾಯಿಸಿದೆ. ಅದು ಇನ್ನೂ ಕೆಟ್ಟಿತು. ನಮ್ಮಲ್ಲಿ ಅಸಮಂಜಸ ಅಂದರೆ ನ್ಯಾಯವಲ್ಲದ್ದು, ಸರಿಯಲ್ಲದ್ದು. ಹುಡುಗರು ಬರೆದುಕೊಂಡು ಬಂದ ವಾಕ್ಯಗಳಲ್ಲಿ ಅರ್ಧಕ್ಕರ್ಧ ಬರೀ ದೂರು. ಬಸ್ ಚಾರ್ಜ್ ಇನ್‌ಕಾಂಗ್ರುಅಸ್, ಮೇಷ್ಟ್ರು ಕೊಟ್ಟ ಮಾರ್ಕ್ಸ್ ಇನ್‌ಕಾಂಗ್ರುಅಸ್.

ಎರಡನೇ ಬ್ಯಾಚಿಗೆ ಇಂಗ್ಲಿಷಿನಿಂದ ಇಂಗ್ಲಿಷಿಗೇ ಹೋದೆ. ಇನ್‌ಕಾಂಗ್ರುಅಸ್ ಅಂದರೆ 'ಆಡ್' ಅಂದೆ. ಆಡ್ ಅಂದರೆ ಬೆಸ ಸಂಖ್ಯೆಯೂ ಹೌದು. ಮರುದಿನ ಒಬ್ಬ ಪುಣ್ಯಾತ್ಮ ಮೂರು, ಐದು, ಏಳು ಇನ್‌ಕಾಂಗ್ರುಅಸ್ ನಂಬರ್ಸ್ ಅಂತ ಬರೆದು ತಂದ.

ಮೂರನೇ ಪ್ರಯತ್ನ ಗಾದೆ. 'ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ'. ಎಲ್ಲರೂ ತಲೆಯಾಡಿಸಿದರು, ನಾನೂ ಗೆದ್ದೆ ಅಂದುಕೊಂಡೆ. ಆದರೆ ಆ ಗಾದೆಯಲ್ಲಿ ಜಾಗ ತಪ್ಪಿರೋದಕ್ಕಿಂತ ಅಡ್ಡ ಬಂದಿರೋದೇ ಹೆಚ್ಚು. 'ಮೈ ಅಂಕಲ್ ಕೇಮ್ ಇನ್‌ಕಾಂಗ್ರುಅಸ್‌ಲಿ ಡ್ಯೂರಿಂಗ್ ಐಪಿಎಲ್' ಅನ್ನೋ ವಾಕ್ಯ ಇವತ್ತಿಗೂ ನನ್ನ ಹಳೇ ನೋಟ್‌ಬುಕ್ಕಿನಲ್ಲಿದೆ. ಆ ಬ್ಯಾಚಿನಲ್ಲಿ ಇಬ್ಬರು ಅರ್ಧಕ್ಕೇ ಬಿಟ್ಟರು. ಒಬ್ಬನ ತಂದೆ ಬಂದು ಕೂತು ಎರಡು ಸಾವಿರ ವಾಪಸ್ ತಗೊಂಡೇ ಎದ್ದರು.

ಆಮೇಲೆ ಫೋಟೊ. ನಾಲ್ಕು-ಆರು ಸೈಜಿನಲ್ಲಿ ಅರವತ್ತು ಫೋಟೊ ಪ್ರಿಂಟ್ ಹಾಕಿಸಿದೆ, ಒಂದಕ್ಕೆ ಹತ್ತೋ ಹನ್ನೆರಡೋ ರೂಪಾಯಿ. ಲ್ಯಾಮಿನೇಷನ್ ಬೇರೆ. ಹೆಚ್ಚುಕಡಿಮೆ ಎರಡು ಸಾವಿರ ಕೈಬಿಟ್ಟಿತು. ನಲವತ್ತು ಫೋಟೊ ದಂಡ. ಎರಡು ತಲೆಯ ಕರು, ಆನೆ ಆಕಾರದ ಬದನೆಕಾಯಿ ಇಂಥವನ್ನೆಲ್ಲ ಹಾಕಿಬಿಟ್ಟಿದ್ದೆ. ಅವು ವಿಚಿತ್ರ, ನಿಜ, ಆದರೆ ಎಲ್ಲಿಟ್ಟರೂ ವಿಚಿತ್ರವೇ. ತಪ್ಪಿರೋದು ಇಲ್ಲೇ ಅನ್ನೋದು ಆಗ ನನಗೂ ಹೊಳೆದಿರಲಿಲ್ಲ.

ಹೊಳೆದದ್ದು ಶೆಟ್ಟಿಹಳ್ಳಿಯಲ್ಲಿ. ಹೇಮಾವತಿ ಹಿನ್ನೀರಿನಲ್ಲಿ ನಿಂತಿರೋ ಪಾಳು ಚರ್ಚು ನಿಮಗೆಲ್ಲ ಗೊತ್ತು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದು, ಗೊರೂರು ಅಣೆಕಟ್ಟು ಬಂದಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗುತ್ತೆ. ಇದಕ್ಕಿಂತ ಒಳ್ಳೆ ಉದಾಹರಣೆ ಜಿಲ್ಲೆಯಲ್ಲೇ ಇಲ್ಲ ಅಂತ ಟೆಂಪೊ ಟ್ರಾವೆಲರ್ ಮಾಡಿಸಿಕೊಂಡು ಹದಿನಾಲ್ಕು ಜನರನ್ನು ತುಂಬಿಸಿಕೊಂಡು ಹೋದೆ. ಬಾಡಿಗೆ ಮೂರೂವರೆ ಸಾವಿರ, ತಿಂಡಿ ಖರ್ಚೂ ನನ್ನದೇ. ಹೋಗಿದ್ದು ಏಪ್ರಿಲ್‌ನಲ್ಲಿ! ನೀರು ಎಲ್ಲೋ ದೂರದಲ್ಲಿ ಗೆರೆ ಎಳೆದ ಹಾಗೆ ಕಾಣ್ತಿತ್ತು. ಚರ್ಚು ಒಣಗಿದ ಬಯಲಲ್ಲಿ ತನ್ನ ಪಾಡಿಗೆ ನಿಂತಿತ್ತು, ಪಕ್ಕದಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ದರು. ನಮ್ಮವರು ಸೆಲ್ಫಿ ತಗೊಂಡರು, ಪುಳಿಯೋಗರೆ ತಿಂದರು. ಆ ನರ್ಸ್ ಹುಡುಗಿ ಬಂದು "ಇದರಲ್ಲಿ ಇನ್‌ಕಾಂಗ್ರುಅಸ್ ಏನಿದೆ ಸರ್, ಹಳೇ ಚರ್ಚು ಅಷ್ಟೇ ಅಲ್ವಾ" ಅಂದಳು.

ಮೈ ಉರಿದುಹೋಯ್ತು. ಮೊಬೈಲ್ ತೆಗೆದು ಆಗಸ್ಟ್‌ನಲ್ಲಿ ನಾನೇ ತೆಗೆದಿದ್ದ ಫೋಟೊ ಮುಖಕ್ಕೆ ಹಿಡಿದೆ. ಕಮಾನಿನ ಕಾಲುಭಾಗ ನೀರೊಳಗೆ, ಗೋಡೆ ಬುಡಕ್ಕೆ ತೆಪ್ಪ ಬಂದು ನಿಂತಿದೆ. ಅವಳು ಫೋಟೊ ನೋಡಿದಳು, ಚರ್ಚು ನೋಡಿದಳು. "ಓ, ಚರ್ಚು ಅಲ್ಲ, ನೀರು ಬಂದು ಅದನ್ನ ಹಂಗೆ ಮಾಡುತ್ತೆ" ಅಂದಳು. ಚರ್ಚು ಅದೇ, ಜಾಗ ಅದೇ, ಆಗಸ್ಟ್‌ನಲ್ಲಿ ಪದ ಒಪ್ಪುತ್ತೆ, ಏಪ್ರಿಲ್‌ನಲ್ಲಿ ಒಪ್ಪಲ್ಲ. ಹನ್ನೊಂದು ವರ್ಷ ಪಾಠ ಮಾಡಿದ ನನಗೆ ಅದನ್ನು ಅವಳು ಹೇಳಿಕೊಟ್ಟ ಹಾಗಾಯ್ತು. ಅವಳೆದುರು ಮಾತ್ರ ಇದನ್ನು ಒಪ್ಪಿಕೊಂಡಿಲ್ಲ.

ಅಲ್ಲಿಂದ ವಿಧಾನ ತಾನಾಗೇ ಕೂತುಕೊಂಡಿತು. ಜಾಗ ಮೊದಲು, ವಸ್ತು ಆಮೇಲೆ, ಪದ ಕೊನೆಗೆ. ಮೊದಲ ದಿನ ಬರೀ ಜಾಗದ ಫೋಟೊ: ಕಲ್ಯಾಣಿ, ಗದ್ದೆ, ಸಂತೆ, ಆಸ್ಪತ್ರೆ ವಾರ್ಡು. ಅಲ್ಲಿ ಏನೇನು ಇರಬೇಕು ಅಂತ ಹೇಳಬೇಕು, ಪದದ ಸುದ್ದಿ ಎತ್ತೋ ಹಾಗಿಲ್ಲ. ಎರಡನೇ ದಿನ ಅದೇ ಜಾಗದಲ್ಲಿ ಒಂದು ವಸ್ತು ಇರೋ ಫೋಟೊ. ಕಲ್ಯಾಣಿ ಮೆಟ್ಟಿಲ ಮೇಲೆ ನೀಲಿ ಪ್ಲಾಸ್ಟಿಕ್ ಕುರ್ಚಿ. ಆಮೇಲೆ 'ಎತ್ತಿಡು' ಪರೀಕ್ಷೆ: ವಸ್ತುವನ್ನು ಮನಸ್ಸಲ್ಲೇ ಎತ್ತಿ ಬೇರೆ ಕಡೆ ಇಡಿ. ಕುರ್ಚಿ ಮದುವೆ ಚಪ್ಪರಕ್ಕೆ ಹೋದರೆ ತೆಪ್ಪಗಾಗುತ್ತಾ? ಹಾಗಾದರೆ ಇನ್‌ಕಾಂಗ್ರುಅಸ್. ಎರಡು ತಲೆ ಕರು ಎಲ್ಲಿಗೆ ಹೋದರೂ ಜನ ಸೇರ್ತಾರಾ? ಹಾಗಾದರೆ ವಿಯರ್ಡ್ ಅಂದುಕೊಂಡು ಮುಂದೆ ಹೋಗಿ. ಒಟ್ಟು ಇಪ್ಪತ್ತು ಫೋಟೊ ಸಾಕು. ಆದರೆ ಯಾವುದರ ಹಿಂದೆ ಯಾವುದು ಬರಬೇಕು ಅನ್ನೋದು ಮುಖ್ಯ, ಅದರಲ್ಲೂ ಏಳನೇದು. ಏಳನೇ ಫೋಟೊ ಏನು ಅಂತ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ಉಚ್ಚಾರದ್ದು ಬೇರೆ ರಾಮಾಯಣ. ನಾಲ್ಕು ತುಂಡು, ಒತ್ತು ಎರಡನೇದರ ಮೇಲೆ. ಎಲ್ಲರೂ 'ಇನ್‌ಕಾಂಗ್ರೆಸ್' ಅಂತಿದ್ದರು. ತಿದ್ದಿ ತಿದ್ದಿ ಸಾಕಾಗಿ ಕೊನೆಗೆ ಅದನ್ನೇ ಹಿಡಿದುಕೊಂಡೆ. ಕಾಂಗ್ರೆಸ್ ಗಿಡ ಅಂತೀವಲ್ಲ, ಪಾರ್ಥೇನಿಯಂ, ಅದು ಅಮೆರಿಕ ಖಂಡದಿಂದ ಬಂದು ನಮ್ಮ ಹೊಲದಲ್ಲಿ ಕೂತ ಕಳೆ. ಜಾಗದ್ದಲ್ಲದ್ದು ಬಂದು ಕೂತಿದೆ, ಅದರಿಂದ ಶುರು ಮಾಡಿ, ಕೊನೇ 'ಗ್ರೆಸ್' ಮುರಿದು 'ಗ್ರು-ಅಸ್' ಮಾಡಿ ಅಂದೆ. ಎರಡೇ ದಿನಕ್ಕೆ ನಾಲಿಗೆ ತಿರುಗಿತು. ಅರಕಲಗೂಡು ಕಡೆಯ ರೈತನ ಮಗ ಒಬ್ಬ ಮಾತ್ರ "ನಮ್ಮ ಹೊಲದಲ್ಲಿ ಅದು ಇಲ್ದಿದ್ರೇ ಇನ್‌ಕಾಂಗ್ರುಅಸ್ ಸರ್" ಅಂದ. ಪದ ಬಂತು ಅಂತ ಅವತ್ತೇ ಅವನಿಗೆ ಬರೆದುಕೊಟ್ಟೆ.

ಈ ಪದದ ಮುಂದೆ 'ವಿತ್' ಬರಬೇಕೋ 'ಟು' ಬರಬೇಕೋ ಅನ್ನೋ ಜಗಳ ಕನ್ನಡದ್ದು. ನಾವು 'ಜಾಗಕ್ಕೆ ಹೊಂದಲ್ಲ' ಅಂತೀವಿ, ಆ 'ಕ್ಕೆ' ನೇರ 'ಟು' ಆಗಿಬಿಡುತ್ತೆ. ಸುತ್ತಲಿನದಕ್ಕೆ ವಿತ್, ನೋಡೋ ಮನುಷ್ಯನಿಗೆ ಟು, ಅಷ್ಟೇ ಹೇಳೋದು.

ನೋಡೋ ಮನುಷ್ಯ ಅಂದಾಗ ಇನ್ನೊಂದು ನೆನಪಾಯ್ತು. ಆಯುಧಪೂಜೆ ದಿನ ಕ್ಲಾಸಿನ ಕಂಪ್ಯೂಟರಿಗೆ ಕುಂಕುಮ ಇಟ್ಟು, ಚೆಂಡು ಹೂ ಹಾಕಿ, ಇದರ ಬಗ್ಗೆ ಬರೀರಿ ಅಂದೆ. ಇಪ್ಪತ್ತೆರಡರಲ್ಲಿ ಒಬ್ಬರೂ ಆ ಪದ ಹಾಕಲಿಲ್ಲ. ಜೆಸಿಬಿಗೆ ಬಾಳೆಕಂದು ಕಟ್ಟೋ ಊರಲ್ಲಿ ಕಂಪ್ಯೂಟರಿಗೆ ಹೂವು ಯಾವ ಲೆಕ್ಕ! ಆಮೇಲೆ ಜರ್ಮನಿಯವನೊಬ್ಬ ಒಳಗೆ ಬಂದ ಅಂತ ಇಟ್ಟುಕೊಂಡು ಬರೀರಿ ಅಂದೆ. ಹದಿನೈದು ಹದಿನಾರು ಜನ ಹಾಕಿದರು. ಒಬ್ಬ ಹುಡುಗಿ ಇನ್ನೂ ಮುಂದೆ ಹೋಗಿ, ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ಈ ಪದ ಆಗುತ್ತಾ ಅಂತ ಕೇಳಿದಳು. ಉಪ್ಪಿನಕಾಯಿ ಭರಣಿಗೆ ಬಿದ್ದಮೇಲೆ ಆಗಲ್ಲ ಅಂದೆ. ಅವಳು ಒಪ್ಪಲಿಲ್ಲ, ನನಗೂ ಪೂರ್ತಿ ಧೈರ್ಯವಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಎಲ್ಲ ಸೇರಿ ಎಂಟು ಎಂಟೂವರೆ ಸಾವಿರ ಹೋಗಿದೆ. ಫೀಸು ತಲೆಗೆ ನಾಲ್ಕೂವರೆ ಸಾವಿರ. ಅವಳ ಏಳೂವರೆ ನೋಡಿ ಅದೇ ಆಸ್ಪತ್ರೆಯಿಂದ ಐದು ಜನ ಸೇರಿದ್ದಾರೆ. ಲಿಸ್ಟು ಜೆರಾಕ್ಸ್ ಗೆಳೆಯರೊಬ್ಬರು ಮೊನ್ನೆ ಫೋಟೊ ಸೆಟ್ ಕೊಡಿ ಅಂತ ಕೇಳಿದರು. ನಿಮ್ಮೂರ ಕಲ್ಯಾಣಿಗೆ ನೀವೇ ಕುರ್ಚಿ ಹೊತ್ತುಕೊಂಡು ಹೋಗಿ ಅಂದೆ.

ಈಗ 'ಅನಾಕ್ರೊನಿಸ್ಟಿಕ್' ಹಿಡಿದಿದೀನಿ, ಜಾಗದ ಬದಲು ಕಾಲ ತಪ್ಪಿದ್ದು. ಅದಕ್ಕೆ ಕುರುಕ್ಷೇತ್ರ ನಾಟಕದಲ್ಲಿ ಕೈಗೆ ವಾಚು ಕಟ್ಟಿಕೊಂಡ ದುರ್ಯೋಧನನ ಫೋಟೊ ಬೇಕು. ಈ ಬೇಸಿಗೆಯಲ್ಲಿ ಮೂರು ಊರಲ್ಲಿ ರಾತ್ರಿಯಿಡೀ ಕೂತೆ. ನಾನು ಮೊಬೈಲ್ ಎತ್ತಿದ ಕೂಡಲೇ ಮೂವರೂ ವಾಚು ಬಿಚ್ಚಿ ಪಕ್ಕದ ಪರದೆಯವನ ಕೈಗೆ ಕೊಟ್ಟುಬಿಟ್ಟರು.