ಕೊಕ್ಕೊ ಕಾಯಿ ಕಪ್ಪಾದಾಗ ನಾನು ರೋಗ ಗುರ್ತು ಹಿಡಿದದ್ದು ಹೀಗೆ

ನಮ್ದು ಪುತ್ತೂರು ಕಡೆ ಅಡಿಕೆ ತೋಟ, ಮಧ್ಯೆ ಕೊಕ್ಕೊ ಉಂಟು. ಒಂದು ವರ್ಷ ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಗೆ ಹಸಿರು ಕಾಯಿಗಳ ಮೇಲೆ ಕಂದು ಕಲೆ ಬರ್ಲಿಕ್ಕೆ ಶುರುವಾಯ್ತು, ನಾನು ಟೀ ಸೊಳ್ಳೆ (ಕಾಯಿ ಚುಚ್ಚಿ ರಸ ಹೀರುವ ಕೀಟ) ಅಂತ ಗ್ರಹಿಸಿ ಅಂಗಡಿಯಲ್ಲಿ ಕೊಟ್ಟ ಕೀಟನಾಶಕ ಹೊಡೆದೆ. ಏನೂ ಪ್ರಯೋಜನ ಆಗ್ಲಿಲ್ಲ, ಒಂದೇ ವಾರದಲ್ಲಿ ಬುಡದ ಹತ್ತಿರ ಇದ್ದ ಕಾಯಿಗಳೆಲ್ಲ ಚಾಕಲೇಟ್ ಬಣ್ಣಕ್ಕೆ ತಿರುಗಿದವು. ತುಂಬಾ ಬೇಜಾರಾಯ್ತು.

ಮತ್ತೆ ಮಗಳ ಮಾರ್ಕರ್ ಪೆನ್ನು ತಗೊಂಡು ನಾಲ್ಕು ಕಾಯಿಗಳಲ್ಲಿ ಕಲೆಯ ಅಂಚಿಗೆ ಸರಿಯಾಗಿ ಗೆರೆ ಎಳೆದು ಬಿಟ್ಟೆ. ಎರಡು ದಿನ ಬಿಟ್ಟು ನೋಡಿದ್ರೆ ಮೂರರಲ್ಲಿ ಕಲೆ ಗೆರೆ ದಾಟಿ ಒಂದು ಬೆರಳಗಲ ಮುಂದೆ ಹೋಗಿತ್ತು, ನಾಲ್ಕನೆಯದರಲ್ಲಿ ಇದ್ದಲ್ಲೇ ಇತ್ತು, ಅದ್ರಲ್ಲಿ ಸಣ್ಣ ಸಣ್ಣ ಗುಂಡಗಿನ, ಒಳಗೆ ಕುಳಿಬಿದ್ದ ಕಪ್ಪು ಚುಕ್ಕೆ ತುಂಬಾ ಇದ್ದವು, ಅದು ಟೀ ಸೊಳ್ಳೆ ಚುಚ್ಚಿದ್ದು. ಹಬ್ಬಿದ ಕಾಯಿ ಒಂದನ್ನು ಕೊಯ್ದು ಒದ್ದೆ ಬಟ್ಟೆ ಜೊತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಟ್ಟೆ. ಮೂರನೇ ದಿನ ಬೆಳಿಗ್ಗೆ ಬಿಚ್ಚಿದಾಗ ಕಲೆ ಮೇಲೆ ಅಕ್ಕಿ ಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ ಬೂಸ್ಟು! ಕಪ್ಪು ಕಾಯಿ ಕೊಳೆ ಅಂತ ಆಗ ಖಾತ್ರಿಯಾಯ್ತು. ಬಿಳಿ ಅಲ್ಲದೆ ಕಪ್ಪು ಪುಡಿ ಬಂದು ಮುಟ್ಟಿದ್ರೆ ಕೈಗೆ ಮಸಿ ಹಿಡಿದ್ರೆ ಅದು ಬೇರೆ ಶಿಲೀಂಧ್ರ, ಅದು ಹೆಚ್ಚಾಗಿ ಬೇಸಿಗೆಯಲ್ಲಿ ಬರೋದು. ಎಳೆ ಮಿಡಿ ಹಳದಿಯಾಗಿ ಕಪ್ಪಾಗಿ ಮರದಲ್ಲೇ ಒಣಗಿ ನೇತಾಡ್ತದಲ್ಲ, ಅದಕ್ಕೆ ಹೆದರ್ಬೇಡಿ, ಹೆಚ್ಚಾದ ಮಿಡಿಯನ್ನು ಮರ ತಾನೇ ಸಾಕದೆ ಬಿಡೋದು ಅಷ್ಟೆ.

ಕಾಯಿ ಕೊಳೆ ಮಾಡುದು ಫೈಟಾಫ್ತೋರಾ ಪಾಲ್ಮಿವೋರಾ ಎಂಬ ಸೂಕ್ಷ್ಮಜೀವಿ, ಅಡಿಕೆಗೆ ಮಹಾಳಿ ಅಂದ್ರೆ ಕೊಳೆರೋಗ ತರುವುದರದ್ದೇ ಸಂಬಂಧಿ. ನಾವು ಶಿಲೀಂಧ್ರ ಅಂತೇವೆ, ವಿಜ್ಞಾನಿಗಳು ಅದನ್ನು ನೀರಿನ ಬೂಸ್ಟಿನ ಜಾತಿಗೆ ಸೇರಿಸ್ತಾರೆ, ಹೆಚ್ಚಾಗಿ ಮಳೆ ಹನಿ ಸಿಡಿದು ಮಣ್ಣಿಂದ ಕಾಯಿಗೆ, ಕಾಯಿಂದ ಕಾಯಿಗೆ ದಾಟೋದು. ತೊಟ್ಟಿನ ಮೂಲಕ ಕಾಂಡಕ್ಕೂ ಇಳೀತದೆ. ನಮ್ಮ ಎರಡು ಮರದ ತೊಗಟೆಯಲ್ಲಿ ಕೆಂಪು ನೀರು ಒಸರ್ತಾ ಇತ್ತು, ಕತ್ತಿಯಲ್ಲಿ ಕೆರೆದು ನೋಡಿದ್ರೆ ಒಳಗೆಲ್ಲ ಕೆಂಗಂದು.

ಆಮೇಲೆ ಮೂರು ದಿನಕ್ಕೊಮ್ಮೆ ತೋಟ ಸುತ್ತಿ ಕಲೆ ಬಿದ್ದ ಕಾಯಿ ಎಲ್ಲ ಕೊಯ್ದು ಹೂತು ಹಾಕಿದೆ, ಆದ್ರೆ ಬಲಿತದ್ದನ್ನು ಬೇಗ ಒಡೆದ್ರೆ ಬೀಜ ಚೆನ್ನಾಗಿಯೇ ಇರ್ತದೆ, ಬಿಸಾಡ್ಬೇಡಿ. ಒತ್ತಾದ ಗೆಲ್ಲು ಸವರಿ ಬಿಸಿಲು ಬೀಳುವ ಹಾಗೆ ಮಾಡಿದೆ. ಈಗ ಮಳೆಗಾಲ ಹಿಡಿಯುವ ಮುಂಚೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ ಹಾಕಿದ ಬೋರ್ಡೋ ದ್ರಾವಣ, ಅಡಿಕೆಗೆ ಬಿಡುವಾಗಲೇ ಕೊಕ್ಕೊ ಕಾಯಿಗೂ ಬಿಡ್ತೇನೆ. ಮಾರ್ಕರ್ ಈಗ್ಲೂ ಕಿಸೆಯಲ್ಲೇ ಉಂಟು.